ಫಾಂಟು ಹಾಕಿದರೆ ಸರಿಯಾಗುತ್ತದೆ ಎಂದವರು

ನಮ್ಮ ಅಂಗಡಿಗೆ ಬರುತ್ತಿದ್ದವರ ಬಾಯಲ್ಲಿ ಎಲ್ಲದಕ್ಕೂ ಒಂದೇ ಹೆಸರಿತ್ತು, ಫಾಂಟು. ಅಕ್ಷರ ದಪ್ಪ ಬೇಕಾದರೆ ದಪ್ಪ ಫಾಂಟು, ದೊಡ್ಡದು ಬೇಕಾದರೆ ದೊಡ್ಡ ಫಾಂಟು, ಓರೆ ಬೇಕಾದರೆ “ಒಂಚೂರ್ ಅಡ್ಡ ಬಿದ್ದ್ ಫಾಂಟ್”. ಪ್ರಿಂಟರಿನ ಶಾಯಿ ತೀರಿ ಕಾಗದ ಮಸುಕಾಗಿ ಬಂದರೂ ಅದನ್ನು ಬೆಳಕಿಗೆ ಹಿಡಿದು, “ನಿಮ್ಮ ಫಾಂಟ್ ಹಾಳಾಯ್ತ್ ಕಾಣತ್ತ್” ಎಂದು ನನಗೇ ಹೇಳುತ್ತಿದ್ದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಮೊದಮೊದಲು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ. ಬಾಯಿ ನೋವು ಬಂತೇ ಹೊರತು ಬೇರೇನೂ ಆಗಲಿಲ್ಲ. ಕೊನೆಗೆ ನಾನೂ ಎಲ್ಲದಕ್ಕೂ ಫಾಂಟು ಎನ್ನುವುದನ್ನೇ ರೂಢಿ ಮಾಡಿಕೊಂಡೆ.

ನಾನು ಆ ಅಂಗಡಿಗೆ ಸೇರಿದ್ದು 1997ರಲ್ಲಿ. ಬೈಂದೂರಿನ ತವರು ಬಿಟ್ಟು ಸಾಲಿಗ್ರಾಮಕ್ಕೆ ಮದುವೆಯಾಗಿ ಬಂದ ಹೊಸದು. ಟೈಪಿಂಗ್ ಕಲಿತಿದ್ದೆ, ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಕುಂದಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಸತ್ತವರ ಉತ್ತರಕ್ರಿಯೆಯ, ಅಂದರೆ ಬೊಜ್ಜದ ಕಾರ್ಡು, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಸಹಕಾರಿ ಸಂಘದ ವರದಿ, ಶಾಲೆಯ ಸ್ಮರಣ ಸಂಚಿಕೆ, ಎಲ್ಲವನ್ನೂ ನಾವು ಕಂಪ್ಯೂಟರಿನಲ್ಲಿ ಟೈಪು ಮಾಡಿ ಪುಟ ಕಟ್ಟಿ ಕೊಡುವುದು. ಅಚ್ಚು ಹಾಕುವುದು ಬ್ರಹ್ಮಾವರದ ಆಫ್‌ಸೆಟ್ ಪ್ರೆಸ್ಸಿನವರು. ಅಂಗಡಿಯ ಮಾಲಕರು ಒಳ್ಳೆಯ ಮನುಷ್ಯ, ಆದರೆ ಕಂಪ್ಯೂಟರಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಸ್ವಿಚ್ಚು ಎಲ್ಲಿದೆ ಎಂಬುದಷ್ಟೇ.

ಒಮ್ಮೆ ಮಗಳ ಮದುವೆ ಕಾರ್ಡಿಗೆ ಬಂದ ಹೆಂಗಸೊಬ್ಬರಿಗೆ ನಾನು ದುಂಡುದುಂಡಾದ ಒಂದು ಚಂದದ ಅಕ್ಷರ ತೋರಿಸಿದೆ. ಅವರು ಕಂಡದ್ದೇ ತಡ, ಹಾವು ತುಳಿದವರ ಹಾಗೆ ಹಿಂದೆ ಸರಿದರು. “ಅಯ್ಯೋ ಬ್ಯಾಡ ಮಾರಾಯ್ತಿ! ಅದ್ ಬೊಜ್ಜದ ಫಾಂಟ್. ನಮ್ಮ ಬದಿಮನಿ ಅಜ್ಜಂದ್ ಬೊಜ್ಜಕ್ಕೆ ಇದೇ ಇದ್ದಿತ್” ಎಂದರು. ಬದಿಮನೆಯ ಅಜ್ಜನ ಕಾರ್ಡು ಮಾಡಿದವಳೂ ನಾನೇ. ಅಂದಿನಿಂದ ಆ ಅಕ್ಷರಕ್ಕೆ ನಮ್ಮ ಅಂಗಡಿಯಲ್ಲಿ ಬೊಜ್ಜದ ಫಾಂಟು ಎಂದೇ ಹೆಸರಾಯಿತು, ಮತ್ತೆ ಅದನ್ನು ಯಾವ ಮದುವೆಗೂ ಹಾಕುವ ಧೈರ್ಯ ನಾನು ಮಾಡಲಿಲ್ಲ.

ಇನ್ನೊಂದು ಮಾತು ‘ಜಾತಿ’. ಆಗ ಕನ್ನಡದ ಒಂದೊಂದು ಸಾಫ್ಟ್‌ವೇರಿನದೂ ಒಂದೊಂದು ದಾರಿ. ಒಂದರಲ್ಲಿ ಟೈಪು ಮಾಡಿದ್ದನ್ನು ಇನ್ನೊಂದರಲ್ಲಿ ತೆರೆದರೆ ಕನ್ನಡದ ಬದಲು ಚುಕ್ಕಿ, ಗೀಟು, ಡಾಲರಿನ ಗುರುತು, ತಲೆ ಮೇಲೆ ಹಣತೆ ಹೊತ್ತ ಇಂಗ್ಲಿಷ್ ಅಕ್ಷರ. ಇದಕ್ಕೆ ನಿಜವಾಗಿ ಏನನ್ನುತ್ತಾರೆಂದು ನಮಗೆ ಯಾರೂ ಹೇಳಿರಲಿಲ್ಲ. ನಾವು ‘ಫಾಂಟಿನ ಜಾತಿ ಬೇರೆ’ ಎನ್ನುತ್ತಿದ್ದೆವು. ಪ್ರೆಸ್ಸಿನವರು ಫೋನು ಮಾಡಿದರೆ ಮೊದಲು ಕೇಳುವುದೇ, “ಹ್ವಾಯ್, ನಿಮ್ದ್ ಯಾವ್ ಜಾತಿ?” ನಾನು ಜೋರಾಗಿ ಉತ್ತರ ಕೊಡುವಾಗ ಬೆಂಚಿನ ಮೇಲೆ ಕೂತ ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಈ ಎಲ್ಲ ಮಾತುಗಳನ್ನು ಸಹಿಸದೆ ಇದ್ದವರು ಒಬ್ಬರೇ, ನಮ್ಮ ಪ್ರೂಫ್ ನೋಡುತ್ತಿದ್ದ ಟೀಚರ್. ತೆಕ್ಕಟ್ಟೆಯಲ್ಲಿ ಅವರ ಮನೆ. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಹೆಂಗಸು. ಮದುವೆಯಾಗಿರಲಿಲ್ಲ, ತಮ್ಮನ ಸಂಸಾರದ ಜತೆಗಿದ್ದರು. ಅವರ ಕಣ್ಣಿನ ಕೆಳಗೆ ಹಾಯದೆ ನಮ್ಮಿಂದ ಒಂದು ಕಾಗದವೂ ಪ್ರೆಸ್ಸಿಗೆ ಹೋಗುತ್ತಿರಲಿಲ್ಲ. ಹೋಗಿಬರುವುದು ಬಸ್ಸಿನಲ್ಲಿ. ಪ್ರೂಫನ್ನು ಕವರಿಗೆ ಹಾಕಿ ಉಡುಪಿ ಕಡೆಗೆ ಹೊರಟ ಖಾಸಗಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, “ಟೀಚರಿಗೆ” ಎಂದರೆ ಸಾಕು. ತೆಕ್ಕಟ್ಟೆಯ ಸ್ಟಾಪಿನಲ್ಲಿ ಗೂಡಂಗಡಿಯವರು ಅದನ್ನು ಇಸಿದುಕೊಳ್ಳುತ್ತಿದ್ದರು. ತಿದ್ದಿದ್ದು ಮಧ್ಯಾಹ್ನದ ಬಸ್ಸಿಗೆ ತಿರುಗಿ ಬರುತ್ತಿತ್ತು. ಕಂಡಕ್ಟರು ಕೆಳಗಿನಿಂದಲೇ, “ಹ್ವಾಯ್ ಅಕ್ಕ, ನಿಮ್ಮ ಬೈಗುಳ ಬಂತ್!” ಎಂದು ಕೂಗುತ್ತಿದ್ದ. ಅವನ ಮಾತು ಸುಳ್ಳಲ್ಲ. ಅಂಚಿನ ತುಂಬ ಕೆಂಪು ಶಾಯಿಯಲ್ಲಿ ತಿದ್ದುಪಡಿಯ ಜತೆಗೆ ‘ನಿದ್ರೆ ಮಾಡ್ತಿದ್ಯಾ?’, ‘ಇದು ಯಾವ ಊರಿನ ಕನ್ನಡ?’ ಎಂದೆಲ್ಲ ಬರೆದಿರುತ್ತಿತ್ತು.

ಸಾಲಿಗ್ರಾಮಕ್ಕೆ ಹೋಗುವ ದಾರಿಯಲ್ಲೇ ತೆಕ್ಕಟ್ಟೆ ಸಿಗುವುದರಿಂದ ಆಗೀಗ ಸಂಜೆ ಇಳಿದು ಅವರ ಮನೆಗೆ ಹೋಗುತ್ತಿದ್ದೆ. ಒಂದು ದಿನ ಅವರು ಕೇಳಿದರು, “ಅಲ್ಲ ಹೆಣ್ಣೆ, ನೀವೆಲ್ಲ ಫಾಂಟ್ ಫಾಂಟ್ ಅಂತ್ರಿ. ಫಾಂಟ್ ಅಂದ್ರೆ ಎಂತ?”

“ಅಕ್ಷರ, ಟೀಚರ್.”

“ಅಕ್ಷರ ಅಂದ್ರೆ?”

ಇದೆಂಥ ಪ್ರಶ್ನೆ ಎನ್ನಿಸಿತು. “ಅಕ್ಷರ ಅಂದ್ರೆ ಅಕ್ಷರ. ಕಾಂಬುಕೆ ಸಿಕ್ಕುದ್” ಎಂದೆ.

“ಕಾಂಬುಕೆ ಸಿಕ್ಕುದಲ್ಲ, ಕೇಂಬುಕೆ, ಕಿವಿಗೆ ಸಿಕ್ಕುದ್. ನಾ ಮಕ್ಕಳಿಗೆ ಮೊದ್ಲ್ ಬಾಯಲ್ಲಿ ಹೇಳ್ಸಿ, ಮತ್ತೆ ಸ್ಲೇಟಲ್ಲಿ ಬರ್ಸ್ತಿದ್ದೆ” ಎಂದು ಅವರು ಎದ್ದು ಚಾ ಮಾಡಲು ಒಳಗೆ ಹೋದರು. ಈ ಟೀಚರುಗಳ ಕಾಟವೇ ಇಷ್ಟು, ಎಲ್ಲಿ ಕೂತರೂ ಪಾಠ ಎಂದುಕೊಂಡು ನಾನು ಚಾ ಕುಡಿದು ಮನೆಗೆ ಹೋದೆ.

ವರ್ಷಗಳು ಹೀಗೇ ಕಳೆದವು. ಅಂಗಡಿಗೆ ಇಂಟರ್‌ನೆಟ್ ಬಂತು, ನನಗೆ ಮಗಳು ಹುಟ್ಟಿ ಶಾಲೆಗೂ ಹೋಗತೊಡಗಿದಳು. ಅಷ್ಟರಲ್ಲಿ ಟೀಚರ ಪ್ರೂಫಿನಲ್ಲಿ ಏನೋ ಬದಲಾದದ್ದು ನನ್ನ ಗಮನಕ್ಕೆ ಬಂತು. ಕೆಂಪು ಗೀಟುಗಳು ಸಾಲು ತಪ್ಪಿ ಬೇರೆ ಪದದ ಮೇಲೆ ಬೀಳುತ್ತಿದ್ದವು. ಪುಟದ ಬಲಬದಿಯ ತಪ್ಪುಗಳೆಲ್ಲ ಹಾಗೇ ಉಳಿಯುತ್ತಿದ್ದವು. ಬೈಗುಳವೂ ಕಡಿಮೆಯಾಯಿತು. ಮಣಿಪಾಲದಲ್ಲಿ ತೋರಿಸಿದಾಗ ಡಾಕ್ಟರರು ಕಣ್ಣಿನ ಒತ್ತಡ ಏರಿ ನರ ಹೋಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದೂ ನಿಧಾನಕ್ಕೆ ಹೋಗುತ್ತದೆ ಎಂದರಂತೆ. ಟೀಚರ ತಮ್ಮ ಇದನ್ನು ನನಗೆ ಬಸ್ ಸ್ಟಾಪಿನಲ್ಲಿ ಹೇಳಿದರು.

ನಮ್ಮ ಮಾಲಕರಿಗೆ ಟೀಚರೆಂದರೆ ಗೌರವ. ಇನ್ನು ಪ್ರೂಫು ಕಳುಹಿಸುವುದಿಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಅವರು ಮಾಡಿದ್ದೇನೆಂದರೆ, ಕೋಟದ ಒಬ್ಬ ಮೇಷ್ಟರಿಗೆ ನಿಜವಾದ ಪ್ರೂಫು ಕೊಟ್ಟು, ತಿದ್ದಿ ಮುಗಿಸಿ ಅಚ್ಚಿಗೆ ಹೋದ ಮೇಲೆ ಅದರದೇ ಒಂದು ಪ್ರತಿಯನ್ನು ಬಸ್ಸಿನಲ್ಲಿ ಟೀಚರಿಗೆ ಕಳುಹಿಸುವುದು. ತಿಂಗಳ ಕೊನೆಗೆ ಎಂದಿನಂತೆ ಸಂಬಳದ ಕವರು. ಮೇಷ್ಟರ ತಿದ್ದುಪಡಿಗಳನ್ನು ಅಂಗಡಿಯ ಇನ್ನೊಬ್ಬ ಹುಡುಗಿಯ ಕೈಯಲ್ಲಿ ಹಾಕಿಸುತ್ತಿದ್ದರು, ನನಗೂ ಇದನ್ನು ಹೇಳಿರಲಿಲ್ಲ. ಒಂದು ಸಂಜೆ ಟೀಚರ ಮನೆಗೆ ಹೋದಾಗ ಅವರು ಭೂತಗನ್ನಡಿ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದರು. ಮಡಿಲಲ್ಲಿ ಒಂದು ಮದುವೆ ಕಾರ್ಡಿನ ಪ್ರೂಫು.

“ಹೆಣ್ಣೆ, ಈ ಮದಿಗೆ ನಾ ನಿನ್ನೆ ಹೋಯಿ ಬಂದೆ. ಊಟವೂ ಆಯ್ತ್, ಪಾಯಸ ಲಾಯ್ಕ್ ಇದ್ದಿತ್. ಇದ್ರ್ ಪ್ರೂಫ್ ಇವತ್ ಬಂತ್ ಕಾಣ್” ಎಂದರು.

ಅವರು ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕಾರ್ಡನ್ನು ನಾಲ್ಕಾಗಿ ಮಡಚಿ, “ನಂಗೆ ದುಡ್ಡ್ ಬೇಕಾದ್ದಲ್ಲ, ಪೆನ್ಷನ್ ಬತ್ತ್. ಬೆಳಗಾತ ಎದ್ದ್ ಕೂಡ್ಲೆ ಬಸ್ಸಂಗೆ ಎಂತ ಬತ್ತೋ ಅಂದ್ ಒಂದ್ ಕಾಯೂದ್ ಇದ್ದಿತಲ್ಲ, ಅದೇ ನಂಗೆ ಇದ್ದದ್. ಓದೂಕೆ ಆಗ್ದಿರೆ ನಾ ಎಂತಕ್ಕೆ?” ಎಂದರು. ಆ ಮಾತು ಹೇಳುವಾಗ ದನಿ ಸ್ವಲ್ಪವೂ ನಡುಗಲಿಲ್ಲ. ನನ್ನ ಕಣ್ಣಲ್ಲಿ ಮಾತ್ರ ನೀರು ಬಂತು.

ಮರುದಿನ ಅಂಗಡಿಯಲ್ಲಿ ಮಾಲಕರ ಜತೆ ನನ್ನದು ದೊಡ್ಡ ಜಟಾಪಟಿ. “ಕರುಣೆ ಮಾಡೂದಾರೆ ಅಕ್ಕಿ ಕೊಡಿ, ಸುಳ್ಳ್ ಪ್ರೂಫ್ ಕೊಡ್ಬ್ಯಾಡಿ” ಎಂದುಬಿಟ್ಟೆ. ಅವರು ಪಾಪ, “ಹಾಂಗಾರೆ ನೀನೇ ಓದಿ ಹೇಳ್, ಅವ್ರ್ ಕೇಂಡ್ ತಿದ್ಲಿ” ಎಂದರು. ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ ಎಂದುಕೊಂಡೆ.

ಹೀಗೆ ನಾನು ಸಂಜೆ ತೆಕ್ಕಟ್ಟೆಯಲ್ಲಿ ಇಳಿದು ಟೀಚರಿಗೆ ಪ್ರೂಫು ಓದಿ ಹೇಳತೊಡಗಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ವಾರ ಕಳೆಯುವುದರಲ್ಲಿ ಇದು ಪ್ರಯೋಜನವಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಓದುವವಳು ಕಾಗದದಲ್ಲಿ ಇರುವುದನ್ನು ಓದುವುದೇ ಇಲ್ಲ. ದೀರ್ಘ ಬಿಟ್ಟಿದ್ದರೂ ನಾಲಗೆ ದೀರ್ಘವನ್ನೇ ಹೇಳುತ್ತದೆ, ಒತ್ತು ಇಲ್ಲದಿದ್ದರೂ ಒತ್ತಿಯೇ ಹೇಳುತ್ತದೆ. ನಾನೇ ಟೈಪು ಮಾಡಿದ್ದನ್ನು ನಾನೇ ಓದಿದರಂತೂ ಮುಗಿಯಿತು. ಟೀಚರ ಕಿವಿಗೆ ಒಂದೂ ತಪ್ಪು ಬೀಳಲಿಲ್ಲ, ಅಚ್ಚಾಗಿ ಬಂದ ಮೇಲೆ ಬೇಕಾದಷ್ಟು ಸಿಕ್ಕವು.

“ನೀ ಸಮ ಮಾಡ್ಕಂಡೇ ಓದ್ತೆ. ನಾ ಎಂತ ಹಿಡೂದ್?” ಎಂದು ಒಮ್ಮೆ ರೇಗಿದರು.

“ಮತ್ತೆಂತ, ತಪ್ಪ್ ತಪ್ಪ್ ಓದ್ಕಾ?” ಎಂದು ನಾನೂ ರೇಗಿದೆ. ಆ ದಿನ ಚಾ ಕುಡಿಯದೆ ಎದ್ದು ಬಂದೆ. ಆದರೂ ಮರುದಿನ ಇಳಿದೆ. ಅವರು ಪ್ರೂಫಿನ ಮಾತೇ ಎತ್ತಲಿಲ್ಲ. ಪೇಪರು ಓದಿಸಿಕೊಂಡರು. ಅದೇ ಕ್ರಮವಾಯಿತು. ಅವರು ಕೂತಲ್ಲೇ ಕೂತು ಗೋಡೆ ಕಡೆ ಮುಖ ಮಾಡಿ ಕೇಳುತ್ತಿದ್ದರು, ಒಂದು ಮಾತಿಗೂ ತಗಾದೆ ತೆಗೆಯುತ್ತಿರಲಿಲ್ಲ. ತಗಾದೆ ತೆಗೆಯದ ಟೀಚರನ್ನು ನೋಡಲು ನನಗೆ ಬಹಳ ಸಂಕಟವಾಗುತ್ತಿತ್ತು.

ಕಂಪ್ಯೂಟರು ಓದಿ ಹೇಳುತ್ತದಂತೆ ಎಂಬ ಸುದ್ದಿ ತಂದವನು ಮುಂಬಯಿಯಲ್ಲಿ ಹೋಟೆಲು ಇಟ್ಟುಕೊಂಡಿದ್ದ ಅವರ ಅಕ್ಕನ ಮಗ. 2010 ದಾಟಿತ್ತು. ಊರಿಗೆ ಬರುವಾಗ ತನ್ನ ಹಳೆಯ ಲ್ಯಾಪ್‌ಟಾಪು ತಂದಿದ್ದ. ಕಣ್ಣು ಕಾಣದವರಿಗೆಂದು ಮಾಡಿದ ಒಂದು ಸಾಫ್ಟ್‌ವೇರನ್ನು ಯಾರಿಂದಲೋ ಹಾಕಿಸಿಕೊಂಡಿದ್ದ. ಕೀಲಿ ಒತ್ತಿದರೆ ಪರದೆಯ ಮೇಲಿದ್ದದ್ದನ್ನು ಅದು ಮೂಗಿನಲ್ಲಿ ಮಾತಾಡುವವರ ಹಾಗೆ ಓದುತ್ತಿತ್ತು. ಕನ್ನಡವೂ ಬರುತ್ತದೆ ಎಂದ. ಅವನು ತೋರಿಸಿದ ಒಂದು ಸಾಲನ್ನು ಅದು ನಿಜಕ್ಕೂ ಓದಿತು. ಟೀಚರು ಬೆನ್ನು ನೆಟ್ಟಗೆ ಮಾಡಿ ಕೂತರು. “ಹೆಣ್ಣೆ, ನಾಳಿಗೆ ಒಂದ್ ಪ್ರೂಫ್ ತಕಂಡ್ ಬಾ” ಎಂದರು. ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಪ್ರೂಫು ಎಂಬ ಮಾತು ಕೇಳಿದೆ.

ಮರುದಿನ ಒಂದು ಸಂಘದ ವರದಿಯನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋದೆ. ನಮ್ಮ ಅಂಗಡಿಯ ಫಾಂಟನ್ನೂ ಹಾಕಿದೆವು. ಪರದೆಯ ಮೇಲೆ ಮುತ್ತಿನಂಥ ಕನ್ನಡ. ಅಕ್ಕನ ಮಗ ಕೀಲಿ ಒತ್ತಿದ. ಯಂತ್ರ ಓದತೊಡಗಿತು, “ಡಾಲರ್, ಪಿ, ಬ್ರಾಕೆಟ್, ಎನ್, ಎನ್, ಡಾಲರ್…” ಟೀಚರು ಒಂದು ನಿಮಿಷ ಕೇಳಿ, “ಇದ್ ಎಂತ ಭಾಷಿ?” ಎಂದರು.

“ಫಾಂಟ್ ಪ್ರಾಬ್ಲೆಮ್ಮು ಚಿಕ್ಕಮ್ಮ” ಎಂದ ಅವನು.

ಅಲ್ಲಿಂದ ಶುರುವಾಯಿತು ನೋಡಿ. ಹೇಳಿದವರೆಲ್ಲ ಹೇಳಿದ್ದು ಒಂದೇ ಮಾತು, ಫಾಂಟು ಹಾಕಿದರೆ ಸರಿಯಾಗುತ್ತದೆ. ಮಾಲಕರು ಫಾಂಟು ತುಂಬಿದ ಸಿ.ಡಿ.ಯನ್ನೇ ಬಸ್ಸಿನಲ್ಲಿ ಕಳುಹಿಸಿದರು. ಕುಂದಾಪುರದ ಇನ್ನೊಂದು ಅಂಗಡಿಯವರು “ಯುನಿಕೋಡ್ ಫಾಂಟ್ ಹಾಕಿ” ಎಂದರು. ಯುನಿಕೋಡು ಎಂಬುದು ಹೊಸದಾಗಿ ಬಂದ ಒಂದು ಫಾಂಟು ಎಂದೇ ನಾನೂ ತಿಳಿದಿದ್ದೆ. ಅದನ್ನು ತಂದು ಹಾಕಿದೆ. ಮುತ್ತಿನಂಥ ಕನ್ನಡ ಹೋಗಿ ಪರದೆಯ ಮೇಲೂ ಡಾಲರು, ಬ್ರಾಕೆಟ್ಟು ಬಂದು ಕೂತವು. ಮೊದಲು ಕಿವಿಗೆ ಮಾತ್ರ ಕೆಟ್ಟಿತ್ತು, ಈಗ ಕಣ್ಣಿಗೂ ಕೆಟ್ಟಿತು. ಕಣ್ಣು ಕಾಣದವರ ಮನೆಗೆ ಹೀಗೆ ಊರವರೆಲ್ಲ ಸೇರಿ ಫಾಂಟು ಹೊತ್ತು ಹಾಕಿದೆವು. ಅಕ್ಕನ ಮಗ ಲ್ಯಾಪ್‌ಟಾಪನ್ನು ಅವರಿಗೇ ಬಿಟ್ಟು ಮುಂಬಯಿಗೆ ಹೊರಟು ನಿಂತ. ಟೀಚರು ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು, “ಬಿಡ್, ನನ್ನ ಹಣೆಲಿ ಇಲ್ಲೆ” ಎಂದರು.

ನನಗೆ ತಡೆಯಲಿಲ್ಲ. ನಮ್ಮ ಅಂಗಡಿಯ ಕಂಪ್ಯೂಟರು ರಿಪೇರಿಗೆ ಬರುತ್ತಿದ್ದ ಬ್ರಹ್ಮಾವರದ ಹುಡುಗಿಯನ್ನು ಒಂದು ಭಾನುವಾರ ತೆಕ್ಕಟ್ಟೆಗೆ ಎಳೆದುಕೊಂಡು ಹೋದೆ. ಇಂಜಿನಿಯರಿಂಗ್ ಓದಿದವಳು, ಮಾತು ಚುರುಕು. ಅವಳು ಫೈಲು ತೆರೆದು ನೋಡಿದವಳೇ ನಕ್ಕಳು. “ಟೀಚರ್, ಫಾಂಟ್ ಬೇರೆ, ಎನ್‌ಕೋಡಿಂಗ್ ಬೇರೆ. ಗ್ಲಿಫ್ ಬೇರೆ, ಕ್ಯಾರೆಕ್ಟರ್ ಬೇರೆ. ನಿಮ್ದ್ ಕ್ಯಾರೆಕ್ಟರೇ ಸರಿ ಇಲ್ಲೆ” ಎಂದಳು.

“ಎಂತದಾ? ಈ ಪ್ರಾಯದಲ್ಲಿ ನನ್ನ ಕ್ಯಾರೆಕ್ಟರಿಗೆ ಬತ್ಯಾ?” ಎಂದರು ಟೀಚರು. ಹುಡುಗಿ ನಾಲಗೆ ಕಚ್ಚಿಕೊಂಡಳು. ನನಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಅವಳು ಸಮಾಧಾನವಾಗಿ ಬಿಡಿಸಿ ಹೇಳಿದಳು. ನಮ್ಮ ಹಳೆಯ ಸಾಫ್ಟ್‌ವೇರು ಕಂಪ್ಯೂಟರಿನ ಒಳಗೆ ಕನ್ನಡವನ್ನು ಇಟ್ಟೇ ಇಲ್ಲ. ಒಳಗಿರುವ ಕ್ಯಾರೆಕ್ಟರುಗಳೆಲ್ಲ ಇಂಗ್ಲಿಷಿನ ಅಕ್ಷರ ಮತ್ತು ಗುರುತುಗಳೇ. ‘ಪಿ’ ಇದ್ದಲ್ಲಿ ಕನ್ನಡದ ಒಂದು ತುಂಡು ಚಿತ್ರ, ಅಂದರೆ ಗ್ಲಿಫ್, ತೋರಿಸು, ಡಾಲರ್ ಇದ್ದಲ್ಲಿ ಇನ್ನೊಂದು ತುಂಡು ತೋರಿಸು ಎಂದು ಫಾಂಟಿಗೆ ಹೇಳಿ ಕೊಟ್ಟಿದ್ದಾರೆ, ಅಷ್ಟೇ. ಯುನಿಕೋಡು ಫಾಂಟೇ ಅಲ್ಲ. ಪ್ರತಿ ಕನ್ನಡ ಅಕ್ಷರಕ್ಕೂ ಒಳಗೆ ಅದರದ್ದೇ ಒಂದು ಸಂಖ್ಯೆ ಕೊಟ್ಟಿಟ್ಟ ಏರ್ಪಾಡು, ಎನ್‌ಕೋಡಿಂಗ್ ಎಂದರೆ ಅದೇ. ಓದುವ ಯಂತ್ರ ಕಂಡದ್ದನ್ನು ಓದುವುದಿಲ್ಲ, ಒಳಗಿದ್ದದ್ದನ್ನು ಓದುತ್ತದೆ.

ನಾನು ಹನ್ನೆರಡು ವರ್ಷಕ್ಕೂ ಮೇಲೆ ಕನ್ನಡ ಟೈಪು ಮಾಡಿದ್ದೇನೆಂದು ಹೆಮ್ಮೆಯಲ್ಲಿದ್ದವಳು. ಈಗ ಈ ಹುಡುಗಿ ನೀನು ಮಾಡಿದ್ದು ಕನ್ನಡವೇ ಅಲ್ಲ ಎನ್ನುತ್ತಿದ್ದಾಳೆ. ನನಗೆ ಮೈ ಉರಿಯಿತು. ಟೀಚರು ಮಾತ್ರ ಮುಖ ಅರಳಿಸಿಕೊಂಡು ಕೂತಿದ್ದರು. “ಅಂದ್ರೆ ಫಾಂಟ್ ಅಂದ್ರೆ ವೇಷ. ನಮ್ದ್ರಗೆ ಕನ್ನಡದ ವೇಷ ಕಟ್ಟಿದ್ ಒಬ್ಬ ಇಂಗ್ಲಿಷಿನವ ಕುಣಿತಿದ್ದ. ವೇಷ ಬದ್ಲ್ ಮಾಡ್ರೆ ಆಳ್ ಬದ್ಲ್ ಆತ್ನಾ?” ಎಂದರು.

“ಅಷ್ಟೇ ಟೀಚರ್!” ಎಂದಳು ಹುಡುಗಿ.

ಹಳೆಯದನ್ನು ಯುನಿಕೋಡಿಗೆ ಬದಲಿಸುವ ಒಂದು ಸಣ್ಣ ಸಾಫ್ಟ್‌ವೇರನ್ನು ಅವಳು ಹಾಕಿಕೊಟ್ಟಳು. ಸಂಘದ ವರದಿಯನ್ನು ಅದರಲ್ಲಿ ಹಾಯಿಸಿ ಕೀಲಿ ಒತ್ತಿದೆವು. ಯಂತ್ರ ಕನ್ನಡ ಓದಿತು! ಟೀಚರು ಎರಡೂ ಕೈಯನ್ನು ತೊಡೆಯ ಮೇಲೆ ಬಿಗಿಯಾಗಿ ಇಟ್ಟುಕೊಂಡಿದ್ದರು. ಎರಡು ಸಾಲು ದಾಟುವುದರಲ್ಲಿ ಅದು “ಕು ಸೊನ್ನೆ ದಾಪುರ” ಎಂದಿತು. ಮುಂದೆ “ಸ ಸೊನ್ನೆ ಘ”. ಮತ್ತೂ ಮುಂದೆ “ಬ್ಯಾ ಸೊನ್ನೆ ಕ್”.

ಪರದೆಯ ಮೇಲೆ ನೋಡಿದರೆ ಏನೂ ತಪ್ಪಿಲ್ಲ. ಕುಂದಾಪುರ ಕುಂದಾಪುರವೇ. ಆಮೇಲೆ ಹೊಳೆಯಿತು. ನಮ್ಮ ಅಂಗಡಿಯಲ್ಲಿ ಅನುಸ್ವಾರಕ್ಕೆ ಎಲ್ಲರೂ ಸೊನ್ನೆಯ ಕೀಲಿಯನ್ನೇ ಒತ್ತುತ್ತಿದ್ದೆವು. ಎರಡೂ ದುಂಡಗೆ, ಕಾಗದದಲ್ಲಿ ಬೇರೆ ಮಾಡಲು ಯಾರಿಂದಲೂ ಆಗದು, ಸೊನ್ನೆ ಬೆರಳಿಗೆ ಸುಲಭ. ನನಗಿಂತ ಮೊದಲು ಇದ್ದವರು ಹಾಗೆ ಕಲಿಸಿದ್ದರು, ನನ್ನ ನಂತರ ಬಂದವರಿಗೆ ನಾನೂ ಹಾಗೇ ಕಲಿಸಿದ್ದೆ. ಇಡೀ ಕುಂದಾಪುರ ತಾಲೂಕಿನ ಮದುವೆ ಕಾರ್ಡುಗಳಲ್ಲಿ ಅನುಸ್ವಾರವೆಲ್ಲ ಸೊನ್ನೆ! ನಾನು ಇದನ್ನು ಹೇಳಿದಾಗ ಟೀಚರು ನಗತೊಡಗಿದರು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. “ಅಷ್ಟ್ ವರ್ಷ ನಾ ಕಣ್ಣಾರೆ ಕಂಡ್ ಪ್ರೂಫ್ ತಿದ್ದಿದ್ದೆ, ಒಂದ್ ದಿನ ಗೊತ್ತಾಯ್ಲಿಲ್ಲೆ. ಇದ್ ಕಾಣ್, ಇಪ್ಪುದನ್ನೇ ಓದತ್ತ್. ನಿನ್ನ ಹಾಂಗೆ ಸಮ ಮಾಡ್ಕಂಡ್ ಓದತ್ತಿಲ್ಲೆ” ಎಂದರು. ಕೊನೆಯ ಮಾತು ನನಗೆ ಚುಚ್ಚಿತು, ನಿಜ. ಆದರೆ ಅವರು ನಕ್ಕಿದ್ದರು, ಅದರ ಮುಂದೆ ಚುಚ್ಚಿದ್ದು ಯಾವ ಲೆಕ್ಕ.

ಇನ್ನು ಮಾಲಕರನ್ನು ಒಪ್ಪಿಸಬೇಕಿತ್ತು. ಪುಟ ಕಟ್ಟುವ ನಮ್ಮ ಸಾಫ್ಟ್‌ವೇರು ಯುನಿಕೋಡನ್ನು ಮುಟ್ಟುತ್ತಿರಲಿಲ್ಲ. ಅಂದರೆ ಮೊದಲು ಯುನಿಕೋಡಿನಲ್ಲಿ ಟೈಪು ಮಾಡಿ ಟೀಚರಿಗೆ ಕೊಡಬೇಕು, ಅವರು ತಿದ್ದಿದ ಮೇಲೆ ಹಳೆಯ ಜಾತಿಗೆ ಬದಲಿಸಿ ಪುಟ ಕಟ್ಟಬೇಕು. “ಡಬಲ್ ಕೆಲ್ಸ. ಯಾರ್ ಮಾಡೂದ್?” ಎಂದರು ಮಾಲಕರು.

“ನಾ ಮಾಡ್ತೆ.”

“ಅವ್ರಿಗೆ ಆತ್ತಾ? ಕಡಿಗೆ ಪ್ರೆಸ್ಸಿನವ್ರ್ ನನ್ನ ಜೀವ ತಿಂತ್ರ್.”

ಒಂದು ಸಲ ನೋಡೋಣ ಎಂಬ ಮಾತಾಯಿತು. ಬೈಂದೂರು ಕಡೆಯ ಒಂದು ಶಾಲೆಯ ಸ್ಮರಣ ಸಂಚಿಕೆ ಬಂದಿತ್ತು, ಅದನ್ನು ಯುನಿಕೋಡಿನಲ್ಲೇ ಟೈಪು ಮಾಡಿದ್ದೆ. ಕೋಟದ ಮೇಷ್ಟರು ಅದನ್ನಾಗಲೇ ಕಣ್ಣಿನಿಂದ ಓದಿ ತಿದ್ದಿಯಾಗಿತ್ತು. ಸಂಜೆ ಐದಕ್ಕೆ ಪುಟಗಳು ಬ್ರಹ್ಮಾವರಕ್ಕೆ ಹೊರಡಬೇಕು. ಅದರೊಳಗೆ ಟೀಚರು ಏನಾದರೂ ಹೇಳಿದರೆ ಸರಿ, ಇಲ್ಲದಿದ್ದರೆ ಇನ್ನು ಈ ಮಾತು ಎತ್ತಬಾರದು ಎಂದರು ಮಾಲಕರು. ಅದು ಸುಳ್ಳು ಪ್ರೂಫಲ್ಲ, ಆದರೆ ಕೊನೆಯ ಪ್ರೂಫಾಗಬಹುದಿತ್ತು. ಟೀಚರಿಗೂ ಇದನ್ನು ಹಾಗೇ ಹೇಳಿದೆ, ಮುಚ್ಚಿಡಲಿಲ್ಲ.

ಮಧ್ಯಾಹ್ನ ಊಟ ಬಿಟ್ಟು ತೆಕ್ಕಟ್ಟೆಗೆ ಹೋದೆ. ಪೆನ್ ಡ್ರೈವು ಹಾಕಿ, ಫೈಲು ತೆರೆದು, ಅವರ ಬೆರಳನ್ನು ಕೀಲಿಗಳ ಮೇಲೆ ಇಟ್ಟು ತೋರಿಸಿದೆ. ಇದು ಮುಂದಕ್ಕೆ, ಇದು ಹಿಂದಕ್ಕೆ, ಇದು ಒಂದೊಂದೇ ಅಕ್ಷರ ಓದಲು. ಯಂತ್ರ ಓದತೊಡಗಿತು. ಅವರು ನಿಲ್ಲಿಸಿದರು, ಹಿಂದೆ ಹೋದರು, ಮತ್ತೆ ಕೇಳಿದರು. ನನಗೆ ಸುಮ್ಮನೆ ಕೂರಲು ಆಗದು. “ಟೀಚರ್, ಅದ್ ಸಮ ಇತ್ತ್, ಮುಂದೆ ಹೋಯಿ” ಎಂದೆ.

ಅವರು ನನ್ನ ಕಡೆ ಮುಖ ತಿರುಗಿಸಿದರು. “ಹೆಣ್ಣೆ, ನೀ ಈಗ ಹೋಗ್.”

“ಎಲ್ಲಿಗೆ ಹೋಪುದ್? ನಿಮ್ಗೆ ಏನಾರೂ ಬೇಕಾರೆ?”

“ನಂಗೆಂತ ಬ್ಯಾಡ. ನೀ ಹೋಗ್ ಅಂಗಡಿಗೆ. ನಾ ಓದೂಕಿತ್ತ್.”

ಎಷ್ಟೋ ತಿಂಗಳು ಮಳೆಯೆನ್ನದೆ ಬಿಸಿಲೆನ್ನದೆ ಇಳಿದು ಓದಿ ಹೇಳಿದವಳು ನಾನು. ನನ್ನನ್ನೇ ಬಾಗಿಲು ತೋರಿಸಿ ಕಳುಹಿಸಿದರಲ್ಲ ಎಂದುಕೊಂಡು ಎದ್ದೆ. ಜಗಲಿಯಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಒಳಗಿನಿಂದ ಮೂಗಿನ ದನಿ ಓದುತ್ತಲೇ ಇತ್ತು. ಅವರು ಒಮ್ಮೆಯೂ ನನ್ನನ್ನು ಕೂಗಲಿಲ್ಲ. ನಾನು ಸ್ಟಾಪಿಗೆ ಬಂದು ಬಸ್ಸು ಕಾಯುತ್ತ ನಿಂತೆ. ಬಹಳ ಹೊತ್ತು ಬಸ್ಸು ಬರಲಿಲ್ಲ, ಬಂದದ್ದರಲ್ಲಿ ಕೂರಲು ಜಾಗವಿರಲಿಲ್ಲ.

ಕುಂಭಾಶಿ ದಾಟುವಾಗ ನನ್ನ ಮೊಬೈಲು ಬಡಿಯಿತು. ಟೀಚರ ಮನೆಯ ನಂಬರು.

“ಎಂತ ಮಾರಾಯ್ತಿ ಮಾಡಿಟ್ಟಿದ್ದೆ ನೀನ್? ಬರ್ಕೋ!”

“ಟೀಚರ್, ನಾ ಬಸ್ಸಂಗೆ ಇದ್ದೆ, ನಿಂತ್ಕಂಡಿದ್ದೆ…”

“ನಿಂತ್ಕಂಡೇ ಬರ್ಕೋ. ಹೆಡ್ ಮಾಷ್ಟ್ರ ಮಾತಲ್ಲಿ ಒಂದ್ ಸಾಲ್ ಎರ್ಡ್ ಸರ್ತಿ ಬಂದಿತ್ತ್. ಅದ್ರ್ ಮುಂದಿನ ಸಾಲೇ ಇಲ್ಲೆ. ಅಲ್ಲಿ ದಾನ ಕೊಟ್ಟವ್ರ್ ಯಾರಂದ್ ಇರ್ಕ್ ಅಲ್ದಾ? ಜಾಗ ಕೊಟ್ಟವ್ರನ್ನೇ ಬಿಟ್ಟ್ ಸಂಚಿಕೆ ಮಾಡೂದಾ? ಕೋಟದ್ ಮಾಷ್ಟ್ರಿಗೆ ಕಣ್ಣಿತ್ತಲ್ಲ, ಅವ್ರೆಂತ ಕಂಡ್ರ್?”

ನಾನು ಕಂಬಿ ಬಿಟ್ಟು ಟಿಕೆಟಿನ ಹಿಂದೆ ಬರೆಯತೊಡಗಿದೆ. ಪಕ್ಕದ ಸೀಟಿನ ಹೆಂಗಸು ನನ್ನ ಸೊಂಟ ಹಿಡಿದುಕೊಂಡರು, ಇಲ್ಲದಿದ್ದರೆ ಬೀಳುತ್ತಿದ್ದೆ. ಟೀಚರು ಹೇಳುತ್ತ ಹೋದರು, ನಾನು ಇಡೀ ಬಸ್ಸಿಗೆ ಕೇಳುವ ಹಾಗೆ “ಹ್ಞಾಂ, ಹ್ಞಾಂ, ಯಾವ್ ಪುಟ?” ಎಂದು ಕಿರುಚುತ್ತ ಹೋದೆ. ಟಿಕೆಟ್ಟು ತುಂಬಿ ಅಂಗೈಗೆ ಬಂತು. ಮಧ್ಯದಲ್ಲಿ ಅವರು “ನಿದ್ರೆ ಮಾಡ್ತಿದ್ಯಾ ಟೈಪ್ ಮಾಡುವತಿಗೆ?” ಎಂದರು. ನನ್ನ ಕಣ್ಣು ಮಂಜಾಗಿ ಬರೆದದ್ದೇ ಕಾಣಲಿಲ್ಲ.

“ಮುಗೀತ್. ಪ್ರೆಸ್ಸಿಗೆ ನಿಲ್ಸೂಕೆ ಹೇಳ್. ಮತ್ತೆಂತ ಇತ್ತ್ ನಿಮ್ಮಲ್ಲಿ, ನಾಳಿಗೆ ಕೊಟ್ಟ್ ಕಳ್ಸ್” ಎಂದರು.

“ನಾನೇ ತಕಂಡ್ ಬತ್ತೆ ಟೀಚರ್. ಓದಿ ಹೇಳೂಕೆ…” ಎಂದು ಶುರುಮಾಡಿದವಳು ತಡೆದೆ.

ಬಸ್ಸಿನ ಹಾರ್ನು ಒಂದೇ ಸಮನೆ ಕೂಗುತ್ತಿತ್ತು. ನಾನು ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡೆ.

“ಓದೂಕೆ ನೀ ಬಪ್ಪುದ್ ಬ್ಯಾಡ ಇನ್. ನಾ ಓದ್ಕಂತೆ. ನೀ ಸುಮ್ನೆ ಬಾ” ಎಂದರು ಟೀಚರು.